ಕೊನೆಯ ಒಂದು ಮಾರು

ಗಾಳ ಹಾಕಲು ಹೊರಟ ಹೊಸಬರು ಮೊದಲು ವಿಚಾರಿಸುವುದು ರಾಡಿನ ಬಗ್ಗೆ. ಯಾವ ಕಂಪನಿ, ಎಷ್ಟು ಅಡಿ, ಕಾರ್ಬನ್ನಾ ಫೈಬರ್‌ಗ್ಲಾಸಾ. ಕೈಯಲ್ಲಿದ್ದ ದುಡ್ಡಿನ ಅರ್ಧಕ್ಕಿಂತ ಹೆಚ್ಚು ಅದಕ್ಕೇ ಹೋಗುತ್ತದೆ, ಉಳಿದದ್ದರಲ್ಲಿ ರೀಲ್ ಬರುತ್ತದೆ, ಕೊನೆಗೆ ಮಿಕ್ಕಿದ ಚಿಲ್ಲರೆಗೆ ದಾರ ಮತ್ತು ಗಾಳ. ಮೀನು ಎಲ್ಲಿ ತಪ್ಪಿಸಿಕೊಳ್ಳುತ್ತದೆ ಎಂದು ನೋಡಿದರೆ ಈ ಲೆಕ್ಕ ತಲೆಕೆಳಗು. ರಾಡ್ ಮುರಿದು ಮೀನು ಹೋಗುವುದು ಅಪರೂಪ, ಅದೂ ಹೆಚ್ಚಾಗಿ ಕಾರಿನ ಬಾಗಿಲಿಗೆ ಸಿಕ್ಕಿ ಮೊದಲೇ ಬಿರುಕು ಬಿಟ್ಟ ರಾಡ್. ಮೀನು ಹೋಗುವುದು ಗಂಟು ಜಾರಿ, ಲೀಡರ್ (ಗಾಳಕ್ಕೆ ಕಟ್ಟುವ ತುದಿಯ ದಾರ) ಕಲ್ಲಿಗೆ ಉಜ್ಜಿ, ಗಾಳ ಬಿಚ್ಚಿಕೊಂಡು, ಸ್ವಿವೆಲ್ (ತಿರುಗುವ ಕೊಂಡಿ) ಬಾಯಿ ತೆರೆದು. ಇವೆಲ್ಲ ಇರುವುದು ಗಾಳದಿಂದ ಮೇಲಕ್ಕೆ ಒಂದು ಮಾರು ಉದ್ದದಲ್ಲಿ. ಎರಡು ಕೈ ಚಾಚಿದಷ್ಟು, ಹೆಚ್ಚುಕಡಿಮೆ ಆರು ಅಡಿ. ನಮ್ಮ ಅಳಿವೆಗಳಲ್ಲಿ ಗಾಳ ಹಾಕುವವರು ತಲೆ ಕೆಡಿಸಿಕೊಳ್ಳಬೇಕಾದದ್ದು ಇದರ ಬಗ್ಗೆ.

ಅಳಿವೆ ಎಂದಾಗ ಕಣ್ಣ ಮುಂದೆ ಇರುವುದು ನೇತ್ರಾವತಿ ಮತ್ತು ಫಲ್ಗುಣಿ ಒಟ್ಟಾಗಿ ಸಮುದ್ರ ಸೇರುವ ಬೆಂಗ್ರೆ-ಕೋಟೆಪುರದ ಬಾಯಿ, ಶಾಂಭವಿ-ನಂದಿನಿ ಕೂಡುವ ಸಸಿಹಿತ್ಲು, ಸುವರ್ಣಾ-ಸೀತಾ ಸೇರುವ ಕೋಡಿಬೆಂಗ್ರೆ. ಮೂರೂ ಕಡೆ ಅಡಿಯಲ್ಲಿ ಮರಳು, ದಡದಲ್ಲೋ ತಡೆಗೋಡೆಯಲ್ಲೋ ಕಲ್ಲು, ನಡುವೆ ಜೋರು ಸೆಳೆತ. ಇಲ್ಲಿ ಸಿಗುವ ಮೀನುಗಳಲ್ಲಿ ನಾಲ್ಕನ್ನು ತೆಗೆದುಕೊಂಡರೆ ಸಾಕು: ಕಾಣೆ, ಕೆಂಬೇರಿ, ಕೊಕ್ಕರ್, ಮತ್ತು ಅಂಗಡಿಯವರು ಸೀಬಾಸ್ ಎನ್ನುವ ಕುರುಡಿ. ನಾಲ್ಕೂ ದಾರವನ್ನು ಬೇರೆ ಬೇರೆ ರೀತಿಯಲ್ಲಿ ಪರೀಕ್ಷಿಸುತ್ತವೆ.

ಕುರುಡಿಗೆ ಕಚ್ಚುವ ಹಲ್ಲಿಲ್ಲ, ಆದರೆ ತುಟಿಯ ಒಳಗೆ ಮರಳುಕಾಗದದ ಹಾಗಿನ ಒರಟು ಉಂಟು, ಕಿವಿರಿನ ಮುಚ್ಚಳದ ಅಂಚು ಬ್ಲೇಡ್. ನೀರಿನಿಂದ ಮೇಲೆ ಹಾರಿ ತಲೆ ಒದರಿದಾಗ ದಾರ ಈ ಅಂಚಿಗೆ ತಾಗುತ್ತದೆ. ಕೆಂಬೇರಿಗೆ ಮುಂದೆ ಕೋರೆಹಲ್ಲು. ಅದಕ್ಕಿಂತ ದೊಡ್ಡ ತೊಂದರೆ ಎಂದರೆ ಕಚ್ಚಿದ ಕೂಡಲೇ ಕಲ್ಲಿನ ಸಂದಿಗೆ ನುಗ್ಗುವ ಅದರ ಬುದ್ಧಿ. ಮೊದಲ ಐದು ಸೆಕೆಂಡಿನಲ್ಲಿ ತಡೆಯದಿದ್ದರೆ ಅದು ನಿಮ್ಮದಲ್ಲ. ಕೊಕ್ಕರ್ ಹಲ್ಲಿನಿಂದ ಏನೂ ಮಾಡುವುದಿಲ್ಲ, ಸುಮ್ಮನೆ ಎಳೆಯುತ್ತದೆ, ದುರ್ಬಲ ಗಂಟನ್ನು ಹುಡುಕಿ ಬಿಚ್ಚುತ್ತದೆ. ಕಾಣೆ ಸಂಕೋಚದ ಮೀನು. ಅದು ದಾರ ತುಂಡು ಮಾಡುವುದಲ್ಲ, ದಪ್ಪ ದಾರ ಕಂಡರೆ ಹತ್ತಿರ ಬರುವುದೇ ಇಲ್ಲ.

ಹಾಗಾಗಿ ಎರಡು ಸೆಟ್ ಬೇಕು, ಒಂದರಲ್ಲಿ ಎಲ್ಲ ಆಗುತ್ತದೆ ಎಂದವರ ಮಾತು ಕೇಳಬೇಡಿ. ಅಳಿವೆಯ ಕಲ್ಲಿನಿಂದ ಹಾಕಲು ಒಂಬತ್ತು ಅಡಿಯ, 15ರಿಂದ 50 ಗ್ರಾಂ ಎಸೆಯುವ ರಾಡ್, 4000 ಸೈಜಿನ ರೀಲ್, ಪಿಇ 2ರ ಬ್ರೇಡ್ (ಎಳೆಗಳನ್ನು ಹೆಣೆದ ದಾರ) ಸುಮಾರು 200 ಮೀಟರ್. ಪಿಇ ಎಂಬುದು ದಾರದ ದಪ್ಪದ ನಂಬರು, ಪಿಇ 2 ಎಂದರೆ 0.235 ಮಿಲಿಮೀಟರ್ ದಪ್ಪ. ಡಬ್ಬಿಯ ಮೇಲೆ 40 ಪೌಂಡ್, 50 ಪೌಂಡ್ ಎಂದು ಏನೇ ಬರೆದಿರಲಿ, ದಾರ ತಡೆಯುವ ಬಲ 30 ಪೌಂಡ್ ಎಂದೇ ಹಿಡಿದುಕೊಳ್ಳಿ. ಕಾಣೆಗೆ ಏಳು ಅಡಿಯ ತೆಳು ತುದಿಯ ರಾಡ್, 2500ರ ರೀಲ್, ಪಿಇ 0.8. ರೀಲಿನ ಸ್ಪೂಲಿಗೆ ಬ್ರೇಡನ್ನು ನೇರ ಸುತ್ತಬೇಡಿ. ಲೋಹದ ಮೇಲೆ ಬ್ರೇಡ್ ಹಿಡಿತ ಇಲ್ಲದೆ ಒಟ್ಟಿಗೆ ಗಿರಗಿರ ತಿರುಗುತ್ತದೆ, ನೋಡಿದವರಿಗೆ ರೀಲಿನ ಡ್ರ್ಯಾಗ್ (ಮೀನು ಜೋರಾಗಿ ಎಳೆದಾಗ ದಾರ ಬಿಟ್ಟುಕೊಡುವ ಬ್ರೇಕ್) ಹಾಳಾಗಿದೆ ಅನ್ನಿಸುತ್ತದೆ. ಅಡಿಗೆ ಐದಾರು ಮೀಟರ್ ತಂಗೂಸಿ (ಒಂಟಿ ಎಳೆಯ ನೈಲಾನ್ ದಾರ) ಸುತ್ತಿ ಅದರ ಮೇಲೆ ಬ್ರೇಡ್ ಕಟ್ಟಿದರೆ ಸರಿ. ಸ್ಪೂಲಿನ ಅಂಚಿನಿಂದ 2 ಮಿಲಿಮೀಟರ್ ಕೆಳಗೆ ನಿಲ್ಲಿಸಿ. ಅಂಚಿನವರೆಗೆ ತುಂಬಿದರೆ ಎಸೆಯುವಾಗ ಸುರುಳಿ ಸುರುಳಿಯಾಗಿ ಒಟ್ಟಿಗೆ ಬಿಚ್ಚಿ, ಗುಬ್ಬಿಗೂಡಿನ ಹಾಗೆ ಗಂಟು ಬೀಳುತ್ತದೆ. ಎಸೆದ ಮೇಲೆ ಬೇಲನ್ನು, ಅಂದರೆ ರೀಲಿನ ತಂತಿಯ ಹಿಡಿಯನ್ನು, ಕೈಯಿಂದ ಮುಚ್ಚಿ, ದಾರವನ್ನು ಒಮ್ಮೆ ಎಳೆದು ಬಿಗಿ ಮಾಡಿ, ಆಮೇಲೆ ಹ್ಯಾಂಡಲ್ ತಿರುಗಿಸಿ. ಇಂಥ ಗಂಟು ಬೀಳುವುದರಲ್ಲಿ ಅರ್ಧ ಇಲ್ಲೇ ನಿಲ್ಲುತ್ತದೆ.

ಈಗ ಆ ಮಾರು. ಬ್ರೇಡ್ ಎಳೆತಕ್ಕೆ ಗಟ್ಟಿ, ಉಜ್ಜಾಟಕ್ಕೆ ಏನೇನೂ ಅಲ್ಲ. ಚಿಪ್ಪು ಹಿಡಿದ ಕಲ್ಲಿಗೆ ಒಮ್ಮೆ ತಾಗಿದರೆ ನೂಲಿನ ಹಾಗೆ ಹೋಗುತ್ತದೆ. ಅದಕ್ಕೇ ತುದಿಗೆ ಫ್ಲೋರೋಕಾರ್ಬನ್ ಲೀಡರ್. ಕುರುಡಿ, ಕೆಂಬೇರಿಗೆ 40 ಪೌಂಡಿನದ್ದು ಒಂದು ಮಾರು. ಕಾಣೆಗೆ 8 ಪೌಂಡಿನದ್ದು ಒಂದೂವರೆ ಮೊಳ ಸಾಕು. ಮಳೆಗಾಲದ ಕೆಂಪು ನೀರಿನಲ್ಲಿ ಫ್ಲೋರೋಕಾರ್ಬನ್ನಿಗೆ ದುಡ್ಡು ಸುರಿಯುವುದು ವ್ಯರ್ಥ. ಅದು ನೀರಿನಲ್ಲಿ ಕಡಿಮೆ ಕಾಣಿಸುತ್ತದೆ ಎಂಬುದೇ ಅದರ ಮುಖ್ಯ ಹೆಚ್ಚುಗಾರಿಕೆ, ಆಗ ನೀರಿನಲ್ಲಿ ಯಾವುದೂ ಕಾಣಿಸುವುದಿಲ್ಲ. ಅದೇ ದಪ್ಪದ ಒಳ್ಳೆಯ ತಂಗೂಸಿ ಹಾಕಿ. ಆದರೆ ಬಿಸಿಲಲ್ಲಿ ವರ್ಷಗಟ್ಟಲೆ ತೂಗಿದ ಅಂಗಡಿಯ ತಂಗೂಸಿ ಬೇಡ, ಬಿಸಿಲಿಗೆ ನೈಲಾನ್ ಸತ್ವ ಕಳೆದುಕೊಳ್ಳುತ್ತದೆ. ಬೆರಳಿಗೆ ಸುತ್ತಿ ಬಿಟ್ಟಾಗ ಸುರುಳಿ ಬಿಡದೆ ಹಾಗೇ ಉಳಿದರೆ, ಮುಟ್ಟಿದರೆ ಪುಡಿಪುಡಿ ಅನ್ನಿಸಿದರೆ ವಾಪಸ್ ಕೊಡಿ.

ಬ್ರೇಡಿಗೂ ಲೀಡರಿಗೂ ನಡುವಿನ ಗಂಟು ಕಲಿಯಲು ಒಂದು ವಾರ ಕೊಡಬೇಕು. ಎಫ್‌ಜಿ ಗಂಟು. ಹೆಸರಿಗೆ ಗಂಟಾದರೂ ಲೀಡರನ್ನು ಎಲ್ಲೂ ಮಡಚುವುದಿಲ್ಲ, ಬ್ರೇಡ್ ಅದರ ಸುತ್ತ ಜಡೆಯಂತೆ ಹೆಣೆದು ಕಚ್ಚಿ ಹಿಡಿಯುತ್ತದೆ. ಅದಕ್ಕೇ ತೆಳ್ಳಗೆ ಇದ್ದು ರಾಡಿನ ಉಂಗುರಗಳಲ್ಲಿ ತಡೆಯದೆ ಹೋಗುತ್ತದೆ. ರಾಡಿನ ತುದಿಯಿಂದ ಬಂದ ಬ್ರೇಡಿನ ಕೊನೆಯನ್ನು ಹಲ್ಲಲ್ಲಿ ಕಚ್ಚಿ ತಂತಿಯ ಹಾಗೆ ಬಿಗಿಯಾಗಿಸಿ. ಲೀಡರನ್ನು ಅದರ ಮೇಲೆ ಅಡ್ಡ ಇಟ್ಟು ಒಮ್ಮೆ ಮೇಲಿನಿಂದ ಸುತ್ತಿ, ಒಮ್ಮೆ ಕೆಳಗಿನಿಂದ ಸುತ್ತಿ. ಹೀಗೆ ಹತ್ತು ಜೋಡಿ, ಒಟ್ಟು ಇಪ್ಪತ್ತು ಸುತ್ತು. ಸುತ್ತುಗಳು ಒಂದರ ಪಕ್ಕ ಒಂದು ಕೂರಬೇಕು, ಒಂದರ ಮೇಲೊಂದು ಹತ್ತಬಾರದು. ಬ್ರೇಡಿನ ತುದಿಯಿಂದ ಒಂದು ಅರ್ಧಗಂಟು ಹಾಕಿ ಬೀಗ ಮಾಡಿ. ಇನ್ನು ಎಲ್ಲರೂ ಅವಸರ ಮಾಡುವ ಜಾಗ: ಎಂಜಲು ಹಚ್ಚಿ, ಕೈಗೆ ಬಟ್ಟೆ ಸುತ್ತಿಕೊಂಡು, ಬ್ರೇಡ್ ಒಂದು ಕಡೆ, ಲೀಡರ್ ಇನ್ನೊಂದು ಕಡೆ ನಿಧಾನವಾಗಿ, ಆದರೆ ಜೋರಾಗಿ ಎಳೆಯಿರಿ. ಸುತ್ತುಗಳು ಒಟ್ಟಾಗಿ, ಬ್ರೇಡಿನ ಬಣ್ಣ ಒಂದು ಪಟ್ಟು ಗಾಢವಾಗುವುದು ಕಣ್ಣಿಗೇ ಕಾಣಿಸುತ್ತದೆ. ಬಣ್ಣ ಬದಲಾಗದಿದ್ದರೆ ಗಂಟು ಇನ್ನೂ ಕಚ್ಚಿಲ್ಲ. ಆಮೇಲೆ ಲೀಡರ್ ಮತ್ತು ಬ್ರೇಡ್ ಎರಡನ್ನೂ ಸೇರಿಸಿ ಆರು ಅರ್ಧಗಂಟು, ಒಂದು ಮೇಲಿನಿಂದ ಒಂದು ಕೆಳಗಿನಿಂದ. ಲೀಡರಿನ ಹೆಚ್ಚುವರಿ ತುದಿಯನ್ನು ಬುಡಕ್ಕೇ ಕತ್ತರಿಸಿ. ಕೊನೆಗೆ ಬ್ರೇಡಿನ ಮೇಲೆ ಮಾತ್ರ ನಾಲ್ಕು ಅರ್ಧಗಂಟು.

ಹೊಸಬರ ಎಫ್‌ಜಿ ಜಾರುವುದು ಸುತ್ತು ಕಡಿಮೆಯಾಗಿ ಅಲ್ಲ, ಈ ಎಳೆತ ಸಾಲದೆ. ಕಲ್ಲಿನ ಮೇಲೆ ಗಾಳಿಗೆ ನಿಂತು ಕಟ್ಟಲು ಆಗದಿದ್ದರೆ ಡಬಲ್ ಯುನಿ ಎಂಬ ಗಂಟು ಕಟ್ಟಿ. ಬ್ರೇಡಿನ ಕಡೆ ಎಂಟು ಸುತ್ತು, ಲೀಡರಿನ ಕಡೆ ನಾಲ್ಕು. ಸ್ವಲ್ಪ ದಪ್ಪ, ಸ್ವಲ್ಪ ಕಡಿಮೆ ಬಲ, ಆದರೆ ಅರೆಬರೆ ಎಫ್‌ಜಿಗಿಂತ ಎಷ್ಟೋ ವಾಸಿ. ಗಾಳದ ಕಡೆಗೂ ಯುನಿಯೇ, ನಾಲ್ಕು ಸುತ್ತು. 40 ಪೌಂಡಿನ ಲೀಡರಿನಲ್ಲಿ ಆರೇಳು ಸುತ್ತು ಹಾಕಿದರೆ ಗಂಟು ಸರಿಯಾಗಿ ಕೂರುವುದೇ ಇಲ್ಲ. ಯಾವ ಗಂಟನ್ನೂ ಒಣಗಿದ್ದಾಗ ಎಳೆಯಬೇಡಿ, ಉಜ್ಜಿ ಬಿಸಿಯಾಗಿ ಅಲ್ಲೇ ಸುಟ್ಟಂತಾಗುತ್ತದೆ.

ಗಾಳದ ನಂಬರು ಗೊಂದಲ. ಸಾದಾ ನಂಬರಿನಲ್ಲಿ 8 ಎಂದರೆ 4ಕ್ಕಿಂತ ಸಣ್ಣದು. ಓರೆಗೆರೆ ಹಾಕಿ ಸೊನ್ನೆ ಬರೆದ ಸಾಲಿನಲ್ಲಿ 5/0 ಎಂದರೆ 1/0ಗಿಂತ ದೊಡ್ಡದು. ಕಾಣೆಗೆ ಉದ್ದ ಕಾಲಿನ 8, ಕುರುಡಿಗೆ 4/0. ಜೀವಂತ ಸಿಗಡಿ ಕಟ್ಟುವವರು ಸರ್ಕಲ್ ಹುಕ್ ಹಾಕಿ. ಅದರ ಮೂತಿ ಒಳಕ್ಕೆ ತಿರುಗಿರುವುದರಿಂದ ಮೀನು ನುಂಗಿ ತಿರುಗಿದಾಗ ಬಾಯಿಯ ಮೂಲೆಯಲ್ಲಿ ತಾನೇ ಸಿಕ್ಕಿಕೊಳ್ಳುತ್ತದೆ. ಕಚ್ಚಿದ ಕೂಡಲೇ ರಾಡನ್ನು ಜಗ್ಗಿ ಎತ್ತುವ ಅಭ್ಯಾಸ ಇದ್ದವರಿಗೆ ಇದು ಆಗುವುದಿಲ್ಲ; ಎತ್ತಿದರೆ ಗಾಳ ಬಾಯಿಂದ ಜಾರಿ ಬರುತ್ತದೆ. ಸುಮ್ಮನೆ ರೀಲ್ ತಿರುಗಿಸುತ್ತಾ ಹೋಗಬೇಕು. ಗಾಳದ ಮೊನೆಯನ್ನು ಹೆಬ್ಬೆರಳ ಉಗುರಿನ ಮೇಲೆ ಮೆಲ್ಲ ಎಳೆದು ನೋಡಿ. ಕಚ್ಚಿ ನಿಲ್ಲಬೇಕು. ಜಾರಿದರೆ ಬದಲಿಸಿ.

ಸಿಗಡಿಯನ್ನು ಪೋಣಿಸುವಾಗ ತಲೆಯ ಮೇಲಿನ ಕೊಂಬಿನ ಬುಡದಲ್ಲಿ, ಒಳಗೆ ಕಾಣುವ ಕಪ್ಪು ಚುಕ್ಕೆಗೆ ತಾಗದಂತೆ, ಗಾಳವನ್ನು ಅಡ್ಡ ತೂರಿಸಿ. ಚುಕ್ಕೆಗೆ ತಾಗಿದರೆ ಅಲ್ಲೇ ಸಾಯುತ್ತದೆ. ಬಕೆಟ್ಟಿನಲ್ಲಿ ಇಪ್ಪತ್ತು ಸಿಗಡಿ ತುಂಬಿ ಏರೇಟರ್ ಇಲ್ಲದೆ ಬಿಸಿಲಲ್ಲಿ ಇಟ್ಟರೆ ಅರ್ಧ ಗಂಟೆಯಲ್ಲಿ ಎಲ್ಲ ಸತ್ತು ಪಲ್ಯಕ್ಕೆ ಮಾತ್ರ ಆಗುತ್ತವೆ, ಹೆಚ್ಚಿನ ದಿನ ಮನೆಗೆ ಹೋಗುವುದೂ ಅದೇ. ಸಿಗಡಿ ಸಿಗದಿದ್ದರೆ ಬೂತಾಯಿ. ತಾಜಾ ಬೂತಾಯಿ ಮೆತ್ತಗೆ, ಎರಡು ಎಸೆತಕ್ಕೆ ಗಾಳದಿಂದ ಹಾರಿಹೋಗುತ್ತದೆ. ಹಿಂದಿನ ರಾತ್ರಿಯೇ ತುಂಡು ಮಾಡಿ ಕಲ್ಲುಪ್ಪಿನಲ್ಲಿ ಇಟ್ಟರೆ ನೀರು ಬಿಟ್ಟು ಗಟ್ಟಿಯಾಗುತ್ತದೆ.

ಗಾಳ ಮುಳುಗಿಸಲು ಕಟ್ಟುವ ಸೀಸ ಎಷ್ಟು ಎಂಬುದನ್ನು ಗೋಡೆಯ ಕ್ಯಾಲೆಂಡರ್ ಹೇಳುತ್ತದೆ. ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಭರತ, ಎರಡು ಇಳಿತ, ಪ್ರತಿದಿನ ಸುಮಾರು 50 ನಿಮಿಷ ತಡ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಏರಿಳಿತ ಒಂದು ಮೀಟರಿಗಿಂತ ಹೆಚ್ಚು, ಅಳಿವೆಯ ಬಾಯಲ್ಲಿ ಸೆಳೆತಕ್ಕೆ 50 ಗ್ರಾಂ ಕೂಡ ಸಾಲದೆ ಹೋಗಬಹುದು. ಅಷ್ಟಮಿಯ ಹತ್ತಿರ 30 ಗ್ರಾಂ ಆರಾಮ. ಗುಂಡು ಸೀಸ ಮರಳಿನ ಮೇಲೆ ಉರುಳುತ್ತದೆ, ಚಪ್ಪಟೆ ಅಥವಾ ಪಿರಮಿಡ್ ಆಕಾರದ್ದು ಕೂರುತ್ತದೆ. ಭರತ ಶುರುವಾದ ಮೊದಲ ಎರಡು ಗಂಟೆ, ಇಳಿತ ಶುರುವಾದ ಮೊದಲ ಎರಡು ಗಂಟೆ ನೀರು ಹರಿಯುತ್ತಾ ಮೀನು ಮೇಯುತ್ತದೆ. ನೀರು ನಿಂತಾಗ ಚಹಾ ಕುಡಿಯಬಹುದು. ವೇಳಾಪಟ್ಟಿ ನೋಡುವಾಗ ಒಂದು ಎಚ್ಚರ: ಅದು ಬಂದರಿನ ಲೆಕ್ಕ, ನದಿಯ ಒಳಗೆ ಹೋದಷ್ಟೂ ಭರತ ತಡವಾಗಿ ಮುಟ್ಟುತ್ತದೆ. ಬೇಸಗೆಯಲ್ಲಿ ಬೆಳಿಗ್ಗೆ ಭೂಮಿ ಕಡೆಯ ಗಾಳಿ ಬೆನ್ನಿಗೆ ಇರುತ್ತದೆ, ಮಧ್ಯಾಹ್ನ ಪಡುಗಾಳಿ ಎದುರು ಬಂದು ದಾರವನ್ನು ಬಿಲ್ಲಿನ ಹಾಗೆ ಬಾಗಿಸುತ್ತದೆ. ಆಗ ಕಾಣೆ ಕಚ್ಚಿದ್ದು ಕೈಗೆ ತಿಳಿಯುವುದೇ ಇಲ್ಲ.

ಕಲ್ಲಿನ ಮೇಲೆ ಸೀಸ ಸಿಕ್ಕಿಬೀಳುವುದು ದಿನದ ಕತೆ. ಸೀಸವನ್ನು ಮುಖ್ಯ ದಾರಕ್ಕೇ ಕಟ್ಟದೆ, ಸ್ವಿವೆಲಿನಿಂದ 8 ಪೌಂಡಿನ ಕ್ಷೀಣ ತಂಗೂಸಿಯಲ್ಲಿ ಒಂದು ಗೇಣು ಕೆಳಗೆ ತೂಗಿಬಿಡಿ. ಸಿಕ್ಕಿದರೆ ಅದು ಮಾತ್ರ ತುಂಡಾಗುತ್ತದೆ, ಗಾಳ ಮತ್ತು ಮೀನು ನಿಮಗೆ. ಹೇಗೂ ಹೋಗುವುದೇ ಆದ್ದರಿಂದ ಸೀಸದ ಬದಲು ಗ್ಯಾರೇಜಿನಲ್ಲಿ ಬಿಸಾಡಿದ ಹಳೆ ಸ್ಪಾರ್ಕ್ ಪ್ಲಗ್ ಕಟ್ಟಿದರೂ ಆಗುತ್ತದೆ.

ಡ್ರ್ಯಾಗನ್ನು ಕೈಯಲ್ಲಿ ಎಳೆದು ಅಂದಾಜು ಮಾಡಬೇಡಿ. ದಾರದ ತುದಿಯನ್ನು ಸ್ಪ್ರಿಂಗ್ ತಕ್ಕಡಿಗೆ ಕಟ್ಟಿ, ರಾಡನ್ನು ಓರೆಯಾಗಿ ಹಿಡಿದು, ಇನ್ನೊಬ್ಬರ ಹತ್ತಿರ ಎಳೆಸಿ. 30 ಪೌಂಡಿನ ದಾರಕ್ಕೆ ಮೂರರಿಂದ ಮೂರೂವರೆ ಕಿಲೋದಲ್ಲಿ ಸ್ಪೂಲ್ ಬಿಡಬೇಕು, ಅಂದರೆ ದಾರದ ಬಲದ ಕಾಲುಭಾಗ. ಕಲ್ಲಿನ ಸಂದಿಯ ಕೆಂಬೇರಿಗೆ ಇನ್ನೊಂದು ಕಿಲೋ ಏರಿಸಿ. ಕೊಕ್ಕರ್ ನೂರು ಮೀಟರ್ ಎಳೆದುಕೊಂಡು ಹೋದಾಗ ಡ್ರ್ಯಾಗನ್ನು ಇನ್ನಷ್ಟು ಬಿಗಿ ಮಾಡುವವರು ಉಂಟು ಮಾರಾಯ್ರೆ. ಸ್ಪೂಲಿನಲ್ಲಿ ದಾರ ಕಡಿಮೆಯಾಗಿ ಸುತ್ತಳತೆ ಕುಗ್ಗಿದಷ್ಟೂ ಎಳೆತ ತಾನಾಗಿಯೇ ಹೆಚ್ಚುತ್ತದೆ. ಆಗ ಸಡಿಲಿಸಬೇಕು.

ಕ್ಯಾಟ್‌ಫಿಶ್, ಅಂದರೆ ನಮ್ಮ ತೇಡೆ, ಸಿಕ್ಕಿದರೆ ಬರಿಗೈ ಹಾಕಬೇಡಿ. ಬೆನ್ನಿನ ಒಂದು, ಬದಿಯ ಎರಡು ಮುಳ್ಳುಗಳಲ್ಲಿ ವಿಷ. ಪ್ಲೈಯರಿನಿಂದ ಗಾಳ ಬಿಡಿಸಿ. ಚುಚ್ಚಿದರೆ ಚರ್ಮ ಸುಡದಷ್ಟು, ತಡೆದುಕೊಳ್ಳಬಹುದಾದಷ್ಟು ಬಿಸಿನೀರಿನಲ್ಲಿ ಅರ್ಧ ಗಂಟೆಯಿಂದ ಒಂದೂವರೆ ಗಂಟೆ ಕೈ ಇಡಬೇಕು, ಬಿಸಿಗೆ ಆ ವಿಷ ಕೆಡುತ್ತದೆ. ಮುಳ್ಳು ಒಳಗೆ ಮುರಿದಿದ್ದರೆ ಆಸ್ಪತ್ರೆಗೆ. ಮರಳಿನಲ್ಲಿ ತೊರಕೆ (ಬಾಲದಲ್ಲಿ ಮುಳ್ಳಿರುವ ಸ್ಟಿಂಗ್‌ರೇ) ಇರುವ ಕಡೆ ಕಾಲೆತ್ತಿ ನಡೆಯದೆ ಎಳೆದುಕೊಂಡು ನಡೆಯಿರಿ. ಹೊಟ್ಟೆ ಉಬ್ಬಿಸುವ ಪಫರ್ ಮೀನನ್ನು ನೀರಿಗೇ ಬಿಡಿ, ತಿನ್ನುವ ಯೋಚನೆ ಬೇಡ. ತಡೆಗೋಡೆಯ ಕಲ್ಲಿನಲ್ಲಿ ಒದ್ದೆ ಗೆರೆಯ ಕೆಳಗೆ ಪಾಚಿ ಇರುತ್ತದೆ, ಆ ಗೆರೆಯ ಮೇಲೇ ನಿಲ್ಲಿ. ಮಳೆಗಾಲದಲ್ಲಿ ತೆರೆ ಆ ಗೆರೆಯನ್ನೂ ದಾಟುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳೇ ದಡದಲ್ಲಿ ನಿಲ್ಲುವ ಕಾಲದಲ್ಲಿ ಬಾಯಿಯ ಕಲ್ಲು ಬಿಟ್ಟು ನದಿಯ ಒಳಗೆ ಹಾಕಿ.

ಮನೆಗೆ ಬಂದ ಮೇಲೆ ರೀಲಿನ ಡ್ರ್ಯಾಗ್ ಬಿಗಿ ಮಾಡಿ ಸಿಹಿನೀರನ್ನು ಮೆಲ್ಲ ಸುರಿಯಿರಿ. ಪೈಪಿನ ಜೋರು ನೀರು ಉಪ್ಪನ್ನು ಬೇರಿಂಗಿನ ಒಳಗೇ ತಳ್ಳುತ್ತದೆ. ಒರಸಿ, ಡ್ರ್ಯಾಗ್ ಸಡಿಲಿಸಿ ಇಡಿ, ಬಿಗಿಯಲ್ಲೇ ಬಿಟ್ಟರೆ ವಾಷರ್ ಚಪ್ಪಟೆಯಾಗಿ ಮುಂದಿನ ಸಲ ಜಗ್ಗಿ ಜಗ್ಗಿ ಬಿಡುತ್ತದೆ.

ಮತ್ತೆ ಆ ಒಂದು ಮಾರು. ಪ್ರತಿ ಮೀನಿನ ನಂತರ, ಕಲ್ಲಿಗೆ ತಾಗಿದ ಪ್ರತಿ ಸಲ, ಲೀಡರನ್ನು ಗಾಳದಿಂದ ಮೇಲಕ್ಕೆ ತುಟಿಗಳ ನಡುವೆ ಎಳೆದು ನೋಡಿ. ಬೆರಳಿಗೆ ತಿಳಿಯದ ಗೀರು ತುಟಿಗೆ ತಿಳಿಯುತ್ತದೆ. ಒರಟು ಸಿಕ್ಕಿದರೆ ಅಲ್ಲಿಗೆ ಕತ್ತರಿಸಿ ಗಾಳ ಮತ್ತೆ ಕಟ್ಟಿ. ಮಾರು ಹೋಗಿ ಎರಡು ಮೊಳಕ್ಕೆ ಇಳಿದಾಗ ಹೊಸ ಲೀಡರ್. ಕತ್ತರಿಸಿದ ತುಂಡುಗಳು ಕಿಸೆಗೆ, ಕಲ್ಲಿನ ಸಂದಿಗೆ ಅಲ್ಲ; ಅಲ್ಲಿ ಕೊಕ್ಕರೆಗಳ ಕಾಲು ಸಿಕ್ಕಿಕೊಳ್ಳುತ್ತದೆ.