ಆರ್ಕಿಟೆಕ್ಚರ್ ಸೀಟಿಗಾಗಿ ಒಂದು ವರ್ಷ ಡ್ರಾಪ್ ತಗೊಳ್ಳಬೇಕಾ?

ಪಿಯು ಫಲಿತಾಂಶ ಬಂದ ಮೇಲೆ ನನಗೆ ಜಾಸ್ತಿ ಬರುವ ಪ್ರಶ್ನೆ ಇದು. "ನಾಟಾದಲ್ಲಿ (ಆರ್ಕಿಟೆಕ್ಚರ್ ಪ್ರವೇಶ ಪರೀಕ್ಷೆ) ಅಂದುಕೊಂಡಷ್ಟು ಅಂಕ ಬರಲಿಲ್ಲ. ಒಂದು ವರ್ಷ ಡ್ರಾಪ್ ಮಾಡಿ ಮತ್ತೆ ಬರೆಯಲಾ, ಇಲ್ಲಾ ಸಿಕ್ಕ ಕಾಲೇಜಿಗೆ ಸೇರಿಬಿಡಲಾ?" ಮಕ್ಕಳಿಗಿಂತ ಅವರ ಅಪ್ಪ ಅಮ್ಮನೇ ಇದನ್ನು ಹೆಚ್ಚು ಕೇಳುತ್ತಾರೆ.

ನಾನು ತಿರುಗಿ ಕೇಳುವುದು ಇಷ್ಟೇ: ಯಾವ ಸೀಟಿಗಾಗಿ ಈ ಡ್ರಾಪ್? ಇದಕ್ಕೆ ನೇರವಾದ ಉತ್ತರ ಇಲ್ಲದಿದ್ದರೆ ಡ್ರಾಪ್ ಬೇಡ. ಒಂದೊಂದು ಕಡೆ ಒಂದೊಂದು ಲೆಕ್ಕ ಇದೆ. ಒಂದು ವರ್ಷದ ಶ್ರಮ ಕೆಲವು ಕಡೆ ಪೂರ್ತಿ ಫಲ ಕೊಡುತ್ತದೆ, ಕೆಲವು ಕಡೆ ಅರ್ಧ ಮಾತ್ರ.

ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಮೂಲಕ ನಮ್ಮ ರಾಜ್ಯದ ಕಾಲೇಜೊಂದಕ್ಕೆ ಸೇರಬೇಕು ಅಂತಿಟ್ಟುಕೊಳ್ಳಿ. ಇಲ್ಲಿ ರ‍್ಯಾಂಕ್ ಕೊಡುವಾಗ ಪಿಯು ಅಂಕಕ್ಕೆ ಅರ್ಧ, ನಾಟಾ ಅಂಕಕ್ಕೆ ಅರ್ಧ ತೂಕ. ನಿಮಗೆ ಪಿಯುನಲ್ಲಿ 70 ಪರ್ಸೆಂಟ್, ನಾಟಾದಲ್ಲಿ 200ಕ್ಕೆ 90 ಬಂದಿದೆ ಅನ್ನೋಣ. ಎರಡರ ಅರ್ಧರ್ಧ ಸೇರಿ 100ಕ್ಕೆ 57.5 ಆಗುತ್ತದೆ. ವರ್ಷವಿಡೀ ಕಷ್ಟಪಟ್ಟು ನಾಟಾವನ್ನು 120ಕ್ಕೆ ಏರಿಸಿದರೆ 65. ಇದು ಒಳ್ಳೆಯ ಏರಿಕೆಯೇ. ಆದರೆ ಪಿಯು ಅಂಕ ಕಡಿಮೆ ಇರುವವರು ನಾಟಾ ಒಂದರಿಂದಲೇ ಎಲ್ಲ ಸರಿಹೋಗುತ್ತದೆ ಅಂದುಕೊಳ್ಳಬಾರದು. ಪಿಯು ಅಂಕ ಸುಧಾರಿಸಲು ವರ್ಷ ಕಾಯಬೇಕಾಗಿಯೂ ಇಲ್ಲ. ದ್ವಿತೀಯ ಪಿಯುಗೆ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆ ನಡೆಯುತ್ತವೆ. ಮೊದಲು ಆ ದಾರಿ ನೋಡಿ. ನಾಟಾವನ್ನೂ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸಲ ಬರೆಯಬಹುದು. ಒಂದೇ ಸಲ ಬರೆದು, ಅಂಕ ಕಡಿಮೆ ಬಂತು ಅಂತ ಡ್ರಾಪ್ ತಗೊಳ್ಳುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ದೆಹಲಿ, ಭೋಪಾಲ್, ವಿಜಯವಾಡದ ಎಸ್‌ಪಿಎ (ಸ್ಕೂಲ್ ಆಫ್ ಪ್ಲಾನಿಂಗ್ ಅಂಡ್ ಆರ್ಕಿಟೆಕ್ಚರ್) ಅಥವಾ ಎನ್‌ಐಟಿಗಳ ಕನಸಿದ್ದರೆ ಮಾತು ಬೇರೆ. ಅಲ್ಲಿಗೆ ಜೆಇಇ ಮೇನ್‌ನ ಆರ್ಕಿಟೆಕ್ಚರ್ ಪತ್ರಿಕೆ, ಅಂದರೆ ಪೇಪರ್ 2ಎ ಬರೆಯಬೇಕು. ರ‍್ಯಾಂಕ್ ಲೆಕ್ಕದಲ್ಲಿ ಪಿಯು ಅಂಕ ಸೇರುವುದಿಲ್ಲ, ಅರ್ಹತೆಗೆ ಬೇಕಾದಷ್ಟು ಇದ್ದರೆ ಸಾಕು. ಹಾಗಾಗಿ ಒಂದು ವರ್ಷದ ದುಡಿಮೆ ಇಲ್ಲಿ ಪೂರ್ತಿ ಲೆಕ್ಕಕ್ಕೆ ಬರುತ್ತದೆ. ಒಟ್ಟು 400 ಅಂಕದಲ್ಲಿ ಗಣಿತಕ್ಕೆ 100, ಆಪ್ಟಿಟ್ಯೂಡ್‌ಗೆ 200, ಡ್ರಾಯಿಂಗ್‌ಗೆ 100. ನಮ್ಮ ಮಕ್ಕಳಿಗೆ ಒಂದು ವಿಷಯ ತಿಳಿದಿರಲಿ. ಸುರತ್ಕಲ್ ಎನ್‌ಐಟಿಯಲ್ಲಿ ಬಿ.ಆರ್ಕ್ (ಆರ್ಕಿಟೆಕ್ಚರ್ ಪದವಿ) ಇಲ್ಲ. ತಿರುಚ್ಚಿ, ಕ್ಯಾಲಿಕಟ್‌ನಂಥ ಕಡೆ ಅರ್ಧ ಸೀಟು ಆಯಾ ರಾಜ್ಯದವರಿಗೆ ಹೋಗುತ್ತವೆ. ಉಳಿದರ್ಧಕ್ಕೆ ನಾವು ದೇಶದ ಬೇರೆಲ್ಲ ರಾಜ್ಯದವರ ಜೊತೆ ಪೈಪೋಟಿಗೆ ನಿಲ್ಲಬೇಕು. ಅಂದರೆ "ಇನ್ನೂ ಸ್ವಲ್ಪ ಚೆನ್ನಾಗಿ" ಬರೆದರೆ ಸಾಲದು, ಬಹಳ ಚೆನ್ನಾಗಿ ಬರೆಯಬೇಕು.

ಐಐಟಿ ಬಿ.ಆರ್ಕ್‌ಗೆ ಜೆಇಇ ಅಡ್ವಾನ್ಸ್ಡ್ ದಾಟಿ, ಎಎಟಿ ಅನ್ನುವ ಆರ್ಕಿಟೆಕ್ಚರ್ ಆಪ್ಟಿಟ್ಯೂಡ್ ಪರೀಕ್ಷೆ ಪಾಸಾಗಬೇಕು. ಸೀಟು ಸಿಗುವುದು ಅಡ್ವಾನ್ಸ್ಡ್ ರ‍್ಯಾಂಕ್ ಮೇಲೆ. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಮೂರೂ ಇಷ್ಟವಿಲ್ಲದವರು ಇದಕ್ಕಾಗಿ ಡ್ರಾಪ್ ಮಾಡಬೇಡಿ.

ಸೀಟು ಯಾವುದು ಅಂತ ಗೊತ್ತಾದ ಮೇಲೆ ನಾನು ನೋಡುವುದು, ಅಂಕ ಎಲ್ಲಿ ಹೋಯಿತು ಅಂತ. ಡ್ರಾಯಿಂಗ್‌ನಲ್ಲಿ ಹೋಗಿದ್ದರೆ ನನಗೆ ಧೈರ್ಯ ಬರುತ್ತದೆ. ಏಕೆಂದರೆ ಅದು ಅಭ್ಯಾಸದಿಂದ ಬರುವಂಥದ್ದು. "ನನಗೆ ಚಿತ್ರ ಬರಲ್ಲ" ಅನ್ನುವ ಮಕ್ಕಳು ದಿನಾ ಕೂತು ಬರೆದರೆ ಕೆಲವೇ ತಿಂಗಳಲ್ಲಿ ಕೈ ತಿರುಗುತ್ತದೆ. ಫೋಟೋ ನೋಡಿ ನಕಲು ಮಾಡುವುದಲ್ಲ. ಬಸ್ ಸ್ಟ್ಯಾಂಡಿನಲ್ಲಿ ಕೂತು ಜನರನ್ನು ಬರೆಯಬೇಕು. ಮನೆ ಮೆಟ್ಟಿಲ ಮೇಲೆ ಬೆಳಿಗ್ಗೆ ನೆರಳು ಎಲ್ಲಿ ಬೀಳುತ್ತದೆ, ಸಂಜೆ ಎಲ್ಲಿ ಬೀಳುತ್ತದೆ ನೋಡಿ ಬರೆಯಬೇಕು. 2021ರಿಂದ ಮೂರು ವರ್ಷ ನಾಟಾದಲ್ಲಿ ಕೈಯಿಂದ ಬರೆಯುವ ಡ್ರಾಯಿಂಗೇ ಇರಲಿಲ್ಲ. 2024ರಲ್ಲಿ ಅದು ಮರಳಿ ಬಂತು, 200ರಲ್ಲಿ 80 ಅಂಕಕ್ಕೆ. ಅದರಲ್ಲಿ 30 ಅಂಕ ಕೊಟ್ಟ ವಸ್ತುಗಳನ್ನು ಜೋಡಿಸಿ ಮಾದರಿ ಮಾಡುವುದಕ್ಕೆ. ಇದನ್ನು ಪುಸ್ತಕ ಓದಿ ಕಲಿಯಲು ಆಗುವುದಿಲ್ಲ ಅಲ್ವಾ? ರಟ್ಟು, ಕತ್ತರಿ, ಗೋಂದು ಹಿಡಿದು ಮಾಡಿ ಮಾಡಿಯೇ ಬರಬೇಕು. ಇಂಥದ್ದಕ್ಕೆ ಬಿಡುವಿನ ವರ್ಷ ತುಂಬ ಒಳ್ಳೆಯದು.

ಪರೀಕ್ಷೆಯ ಸ್ವರೂಪ ಹೀಗೆ ಬದಲಾಗುತ್ತಾ ಇರುತ್ತದೆ. ಆದ್ದರಿಂದ ಹಳೆಯ ಪ್ರಶ್ನೆಪತ್ರಿಕೆಗಳನ್ನೇ ಉರು ಹೊಡೆಯುತ್ತಾ ವರ್ಷ ಕಳೆಯಬೇಡಿ. ಕೋಚಿಂಗ್ ಇಡೀ ದಿನ ಬೇಕಾಗಿಲ್ಲ. ಉಳಿದ ಹೊತ್ತಿನಲ್ಲಿ ಪರಿಚಯದವರು ಮನೆ ಕಟ್ಟಿಸುತ್ತಿದ್ದರೆ ಅಲ್ಲಿಗೆ ಹೋಗಿ ನಿಂತು ನೋಡಿ. ಕಂಬಿ ಹೇಗೆ ಕಟ್ಟುತ್ತಾರೆ, ಸೆಂಟ್ರಿಂಗ್ ಹೇಗೆ ಹೊಡೆಯುತ್ತಾರೆ, ಮೇಸ್ತ್ರಿ ನಕ್ಷೆ ನೋಡಿ ಏನು ಕೇಳುತ್ತಾರೆ ಗಮನಿಸಿ. ಈ ಕೆಲಸ ನಿಮಗೆ ನಿಜಕ್ಕೂ ಇಷ್ಟವಾ ಅಂತ ತಿಳಿಯಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ. ಇಷ್ಟವಿಲ್ಲ ಅಂತ ಗೊತ್ತಾದರೂ ಒಳ್ಳೆಯದೇ, ಐದು ವರ್ಷದ ಕೋರ್ಸ್ ಇದು.

ಅಪ್ಪ ಅಮ್ಮಂದಿರ ಭಯ, ವರ್ಷ ಹಾಳಾಗುತ್ತದೆ ಅಂತ. ಆರ್ಕಿಟೆಕ್ಟ್ ಕೆಲಸಕ್ಕೆ ತಗೊಳ್ಳುವಾಗ ಪೋರ್ಟ್‌ಫೋಲಿಯೋ (ನೀವು ಮಾಡಿದ ಕೆಲಸಗಳ ಸಂಗ್ರಹ) ನೋಡುತ್ತಾರೆಯೇ ಹೊರತು ಒಂದು ವರ್ಷ ತಡವಾಗಿ ಸೇರಿದಿರಿ ಅಂತ ಯಾರೂ ಹಿಂದೆ ಸರಿಯುವುದಿಲ್ಲ. ಮನೆಯಲ್ಲಿ ದಿನಾ "ಪಕ್ಕದ ಮನೆಯವನು ಕಾಲೇಜಿಗೆ ಹೋಗ್ತಿದ್ದಾನೆ" ಅನ್ನುವ ಮಾತು ಕೇಳಿಸುತ್ತಿದ್ದರೆ ಡ್ರಾಪ್ ಯಾರನ್ನೂ ಕೈಹಿಡಿಯುವುದಿಲ್ಲ. ಒಪ್ಪಿಕೊಂಡ ಮೇಲೆ ಆ ಮಾತು ನಿಲ್ಲಿಸಿ, ದಯವಿಟ್ಟು.

ಇನ್ನು, ಸೇರಿಕೊಂಡು ಓದುತ್ತಲೇ ಮತ್ತೆ ಜೆಇಇ ಬರೆಯುತ್ತೇನೆ ಅನ್ನುವವರಿದ್ದಾರೆ. ಮೊದಲ ವರ್ಷದ ಸ್ಟುಡಿಯೋ ಕೆಲಸ (ಡ್ರಾಯಿಂಗ್, ಮಾದರಿ ಮಾಡುವುದು) ರಾತ್ರಿಯನ್ನೂ ತಿಂದುಬಿಡುತ್ತದೆ, ಎರಡೂ ಅರ್ಧಕ್ಕೆ ನಿಲ್ಲುತ್ತವೆ. ಸಿಕ್ಕ ಕಾಲೇಜಿನಲ್ಲಿ ಮೇಷ್ಟ್ರುಗಳು ಚೆನ್ನಾಗಿದ್ದಾರಾ, ಸೀನಿಯರ್‌ಗಳ ಕೆಲಸ ಹೇಗಿದೆ ಅಂತ ಒಮ್ಮೆ ಹೋಗಿ ನೋಡಿ ಬನ್ನಿ. ಮನಸ್ಸಿಗೆ ಬಂದರೆ ಸೇರಿಕೊಂಡು ಜೆಇಇ ಪುಸ್ತಕಗಳನ್ನು ಯಾರಿಗಾದರೂ ಕೊಟ್ಟುಬಿಡಿ.