ಕಂಬಳಿ ಹೋಗಿದ್ದು ಅಜ್ಜನ ರೂಮಿಗೆ

ಜರ್ಮನಿಗೆ ನರ್ಸ್ ಆಗಿ ಬಂದು ಎರಡನೇ ವಾರ, ಜರ್ಮನ್ ಭಾಷೆಯ ಬಿ2 ಪರೀಕ್ಷೆ ಪಾಸಾಗಿತ್ತು, ವ್ಯಾಕರಣದ ಟೇಬಲ್ ಎಲ್ಲ ಬಾಯಿಪಾಠ, ಧೈರ್ಯಕ್ಕೇನೂ ಕಮ್ಮಿ ಇರ್ಲಿಲ್ಲ. ನೈಟ್ ಡ್ಯೂಟೀಲಿ ಸೀನಿಯರ್ ಓಡ್ತಾ ಓಡ್ತಾನೇ "ಬ್ರಿಂಗ್ ಡೇರ್ ನೊಯೆನ್ ಐನೆ ವಾರ್ಮೆ ಡೆಕೆ" ಅಂದ್ರು. ಬೆಚ್ಚಗಿನ ಕಂಬಳಿ ಅನ್ನೋದು ಅರ್ಥ ಆಯ್ತು, ಹೊಸ ಪೇಷಂಟಿಗೆ ಅನ್ನೋದೂ ಆಯ್ತು. ಆದ್ರೆ ಅವತ್ತು ಹೊಸಬರು ಇಬ್ರು, ಒಬ್ರು ಅಜ್ಜ, ಒಬ್ರು ಅಜ್ಜಿ. "ಡೇರ್" ಅಂದ್ರೆ ಗಂಡಸು ತಾನೇ, ಮೊದಲ್ನೇ ಕ್ಲಾಸಲ್ಲೇ ಹೇಳ್ಕೊಟ್ಟಿದ್ರಲ್ಲ, ಅಂತ ಸೀದಾ ಅಜ್ಜನಿಗೆ ಹೊದಿಸಿ ಬಂದೆ, ಅವರು ಖುಷಿಯಾಗಿ ಡಾಂಕೆ ಅಂದ್ರು. ಅರ್ಧ ಗಂಟೆ ಆದ್ಮೇಲೆ ಅಜ್ಜಿ ಬೆಲ್ ಒತ್ತಿದ್ರು, ಪಾಪ ನಡುಗ್ತಿದ್ರು. ಸೀನಿಯರ್ ಕಂಬಳಿ ಹೇಳಿದ್ದು ಅವರಿಗೆ.

ಡೇಟಿವ್‌ನಲ್ಲಿ (ನಮ್ಮ "-ಗೆ" ವಿಭಕ್ತಿ ಥರ) ಹೆಣ್ಣಿನ ಪದದ ಮುಂದಿನ "ಡೀ" ಹೋಗಿ "ಡೇರ್" ಆಗತ್ತೆ, ಗಂಡಸಿಗೆ ಕೊಡೋದಾಗಿದ್ರೆ "ಡೇಮ್ ನೊಯೆನ್" ಅಂತಿದ್ರು. ಸುಳಿವು ಪಕ್ಕದ ಪದದಲ್ಲೂ ಇತ್ತು, ಹೊಸ ಗಂಡಸು ಬಂದ ಅನ್ನೋಕೆ "ಡೇರ್ ನೊಯೆ" ಸಾಕು, ಕೊನೇಲಿ ನ್ ಬರಲ್ಲ. ನಾನು ಆ ಬಾಲ ಕೇಳಿಸ್ಕೊಂಡೇ ಇರ್ಲಿಲ್ಲ, ಯಾಕಂದ್ರೆ ನಮ್ಮಲ್ಲಿ ಹೊಸ ಪೇಷಂಟಿಗೆ, ಹೊಸ ಪೇಷಂಟನ್ನ, ಹೊಸ ಪೇಷಂಟಿನ, ಎಲ್ಲಾ ಕಡೆ "ಹೊಸ" ಹಂಗೇ ಇರತ್ತೆ. ಆದ್ರೆ ಪೇಷಂಟ್ ಅನ್ನೋದು ತೆಗೆದು ನೋಡಿ, ಹೊಸಬನಿಗೆ, ಹೊಸಬಳಿಗೆ! ಗಂಡೋ ಹೆಣ್ಣೋ, ಯಾವ ವಿಭಕ್ತಿ, ಎಲ್ಲಾ ಬಾಲದಲ್ಲೇ. ಡೇರ್ ನೊಯೆನ್ ಅಂದ್ರೆ ಹೊಸಬಳಿಗೆ, ಅಷ್ಟೇ.

ಆಮೇಲೆ ಟೇಬಲ್ ಬಿಟ್ಟು ವಾರ್ಡಿನ ಮಾತನ್ನೇ ಜೇಬಿನ ಡೈರೀಲಿ ಬರ್ಕೊಳ್ಳೋಕೆ ಶುರು ಮಾಡ್ದೆ. ಬಿಸಿನೀರಿಂದ ಒರೆಸು ಅನ್ನೋಕೆ "ಮಿಟ್ ವಾರ್ಮೆಮ್ ವಾಸ್ಸರ್", ಮುಂದೆ ಡೇಮ್ ಇಲ್ಲ ಅಂತ ಆ ಮ್ ವಿಶೇಷಣದ ಮೇಲೇ ಬಿತ್ತು. "ಮಿಟ್ ಡೇಮ್ ವಾರ್ಮೆನ್ ವಾಸ್ಸರ್" ಅಂದ್ರೆ ಡೇಮ್ ಕೆಲಸ ಮುಗಿಸಿದೆ, ವಿಶೇಷಣ ಬರೀ ನ್ ಹಾಕ್ಕೊಂಡು ಆರಾಮಾಗಿದೆ. ಹೀಗೆ ಮುಂದೆ ಡೇರ್-ಡೀ-ಡಾಸ್ ಇದ್ದಾಗಿನ ವಿಶೇಷಣದ ಟೇಬಲಿನ 16 ಮನೇಲಿ 11ರಲ್ಲಿ ಈ ನ್ ಬಾಲಾನೇ, ಹೆದರೋಕೇನಿಲ್ಲ.

ಕನ್ನಡ ಕೈ ಕೊಡೋದೂ ಉಂಟು. "ಅಜ್ಜನಿಗೆ ಸಹಾಯ ಮಾಡು"ಗೆ ಜರ್ಮನ್ನಲ್ಲೂ ಡೇಟಿವ್, ಸರಿ. ಆದ್ರೆ "ಡಾಕ್ಟರಿಗೆ ಫೋನ್ ಮಾಡ್ದೆ"ಗೆ ಅಲ್ಲಿ ಅಕ್ಯೂಸೆಟಿವ್ (ನಮ್ಮ "-ಅನ್ನು" ಥರ), "ಡೇನ್" ಬೇಕು. ಮೊನ್ನೆ ರಿಪೋರ್ಟಲ್ಲೂ ಡೇಮ್ ಅಂತ ಹಾಕಿ ಅಳಿಸ್ದೆ.