ವಿಟ್ನಿ ತೋಟದ ಕೊಪ್ಪರಿಗೆಗಳು

ಅಮೆರಿಕದ ಲೂಯಿಸಿಯಾನಾ ರಾಜ್ಯದಲ್ಲಿ ಮಿಸ್ಸಿಸ್ಸಿಪ್ಪಿ ನದಿಯ ದಂಡೆಗುಂಟ ಹಳೆಯ ಕಬ್ಬಿನ ತೋಟಗಳ ಬಂಗಲೆಗಳು ಇನ್ನೂ ನಿಂತಿವೆ. ಕೆಲವನ್ನು ಮದುವೆಗಳಿಗೆ ಬಾಡಿಗೆಗೆ ಕೊಡುತ್ತಾರೆ, ಓಕ್ ಮರಗಳ ಸಾಲಿನಲ್ಲಿ ವಧೂವರರ ಫೋಟೊ ತೆಗೆಯುತ್ತಾರೆ. ವಾಲೇಸ್ ಎಂಬ ಊರಿನ ವಿಟ್ನಿ ತೋಟದ ರೀತಿಯೇ ಬೇರೆ. 1752ರಲ್ಲಿ ಜರ್ಮನ್ ವಲಸಿಗ ಆಂಬ್ರೋಸ್ ಹೈಡೆಲ್ ಶುರುಮಾಡಿದ ಈ ತೋಟದಲ್ಲಿ ಮೊದಲು ಬಣ್ಣ ತೆಗೆಯುವ ನೀಲಿ ಗಿಡ ಬೆಳೆದರು, ಆಮೇಲೆ ಕಬ್ಬು. ನ್ಯೂ ಆರ್ಲಿಯನ್ಸ್‌ನ ವಕೀಲ ಜಾನ್ ಕಮಿಂಗ್ಸ್ ಇದನ್ನು ಕೊಂಡು, ಸೆನೆಗಲ್‌ನ ಇತಿಹಾಸಕಾರ ಇಬ್ರಾಹಿಮಾ ಸೆಕ್ ಅವರ ನೆರವಿನಿಂದ 2014ರ ಡಿಸೆಂಬರ್‌ನಲ್ಲಿ ಗುಲಾಮರ ಬದುಕಿನ ವಸ್ತುಸಂಗ್ರಹಾಲಯವಾಗಿ ತೆರೆದರು.

ಹ್ಯೂಸ್ಟನ್‌ನಲ್ಲಿರುವ ಮಗಳು ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋದಳು. ಮದ್ದೂರಿನ ಕಡೆಯ ಕಬ್ಬು ಬೆಳೆಯುವ ಮನೆಯವಳು ನಾನು. ಬಯಲಿನಲ್ಲಿಟ್ಟ ಕಬ್ಬಿಣದ ಕೊಪ್ಪರಿಗೆಗಳನ್ನು ಕಂಡು ಅಲ್ಲೇ ನಿಂತುಬಿಟ್ಟೆ. ನಮ್ಮ ಆಲೆಮನೆಯಲ್ಲಿ ಕೊಪ್ಪರಿಗೆ ಇಳಿಸುವ ಹೊತ್ತಿಗೆ ಮಕ್ಕಳನ್ನೆಲ್ಲ ದೂರ ಅಟ್ಟುತ್ತಿದ್ದರು. ಪಾಕ ಮೈಮೇಲೆ ಬಿದ್ದರೆ ಅಂಟಿಕೊಂಡೇ ಸುಡುತ್ತದೆ. ವಿಟ್ನಿಯಲ್ಲಿ ಗುಲಾಮರು, ಸಾಲಾಗಿ ಹೂಡಿದ ಕೊಪ್ಪರಿಗೆಗಳಲ್ಲಿ ಕುದಿಯುವ ರಸವನ್ನು ದೊಡ್ಡದರಿಂದ ಚಿಕ್ಕದಕ್ಕೆ ಸೌಟಿನಿಂದ ಮೊಗೆದು ಸುರಿಯಬೇಕಾಗಿತ್ತು. ಚಳಿಗೆ ಕಬ್ಬು ಹಾಳಾಗುವ ಮೊದಲು ಎಲ್ಲವನ್ನೂ ಅರೆದು ಮುಗಿಸಬೇಕು. ಹಾಗಾಗಿ ಅಕ್ಟೋಬರ್ ಬಂತೆಂದರೆ ಹಗಲೂ ರಾತ್ರಿ ದುಡಿತ. ನಿದ್ದೆಗೆಟ್ಟವರ ಕೈ ಗಾಣದ ಉರುಳೆಗೆ ಸಿಕ್ಕಿ ತುಂಡಾಗುತ್ತಿತ್ತು. ನಮ್ಮ ಆಲೆಮನೆಯ ಆಳುಗಳ ಬಾಳೂ ಸುಖದ್ದಾಗಿರಲಿಲ್ಲ, ಆದರೆ ಅವರ ಮಕ್ಕಳನ್ನು ಸಂತೆಯಲ್ಲಿ ನಿಲ್ಲಿಸಿ ಯಾರೂ ಮಾರಲಿಲ್ಲ. ಆದ್ದರಿಂದ ಈ ಹೋಲಿಕೆ ಇಷ್ಟಕ್ಕೇ ಸಾಕು.

ಇಲ್ಲಿ ದುಡಿದ 350ಕ್ಕೂ ಹೆಚ್ಚು ಗುಲಾಮರ ಹೆಸರುಗಳನ್ನು ಗ್ರಾನೈಟ್ ಗೋಡೆಯ ಮೇಲೆ ಕೆತ್ತಿದ್ದಾರೆ. ಇನ್ನೊಂದೆಡೆ ಇಡೀ ಲೂಯಿಸಿಯಾನಾದ 1,07,000 ಹೆಸರುಗಳಿವೆ. ಇತಿಹಾಸಕಾರ್ತಿ ಗ್ವೆಂಡೊಲಿನ್ ಮಿಡ್ಲೊ ಹಾಲ್ ಹಳೆಯ ಕಡತಗಳಿಂದ ವರ್ಷಗಟ್ಟಲೆ ಹೆಕ್ಕಿದ ಹೆಸರುಗಳವು. ಯಾವ ಕಡತಗಳು? ಕ್ರಯಪತ್ರಗಳು, ಯಜಮಾನ ಸತ್ತಾಗ ಬರೆದ ಆಸ್ತಿಪಟ್ಟಿಗಳು. ದನ, ಗಾಡಿ, ಹೆಂಗಸು, ಮಗು, ಎಲ್ಲಕ್ಕೂ ಬೆಲೆ. ಬೆಲೆ ಕಟ್ಟಲೆಂದೇ ಬರೆದುಕೊಂಡ ಹೆಸರುಗಳು, ಆ ಕಾರಣಕ್ಕೇ ಉಳಿದವು! ಇದನ್ನು ಹೇಗೆ ಅರಗಿಸಿಕೊಳ್ಳಬೇಕೋ ನನಗೆ ಇವತ್ತಿಗೂ ತಿಳಿದಿಲ್ಲ. ಅಡ್ಡಹೆಸರಿಲ್ಲದ ಮರಿ, ಲೂಯಿ, ಜಾನ್‌ಗಳನ್ನು ಬಾಯಿಬಿಟ್ಟು ಓದುತ್ತ ಹೋದೆ. ಮಗಳು ತಡೆಯಲಿಲ್ಲ.

ಪಕ್ಕದ ಅಂಗಳ 2,200 ಗುಲಾಮ ಮಕ್ಕಳಿಗೆ ಮೀಸಲು. ಈ ತೋಟವಿರುವ ಒಂದೇ ಜಿಲ್ಲೆಯಲ್ಲಿ ಮೂರು ತುಂಬುವ ಮೊದಲೇ ತೀರಿಕೊಂಡವರು. ಲೆಕ್ಕ ಸಿಕ್ಕಿದ್ದು ಚರ್ಚಿನ ದಾಖಲೆಗಳಲ್ಲಿ. ಅಲ್ಲಿ ಹೆಚ್ಚು ಹೊತ್ತು ನಿಲ್ಲಲಾಗಲಿಲ್ಲ.

ಯಜಮಾನರ ಬಂಗಲೆಯನ್ನು ನಾವು ನೋಡಿದ್ದು ಕೊನೆಗೆ. ಅದೇ ಸರಿಯಾದ ಕ್ರಮ ಎನ್ನುತ್ತೇನೆ. ಗೋಡೆ ಓದಿ ಬಂದವರಿಗೆ ಅಲ್ಲಿನ ಪೀಠೋಪಕರಣಗಳನ್ನು ಹೊಗಳುವ ಮನಸ್ಸು ಬರುವುದಿಲ್ಲ.

ನ್ಯೂ ಆರ್ಲಿಯನ್ಸ್‌ನಿಂದ ಕಾರಿನಲ್ಲಿ ಸುಮಾರು ಒಂದು ಗಂಟೆಯ ದಾರಿ. ಮಕ್ಕಳನ್ನು ನೋಡಲು ಅಮೆರಿಕಕ್ಕೆ ಹೋಗುವ ನಮ್ಮವರು ನಯಾಗರಾ ಜೊತೆಗೆ ಇದನ್ನೂ ನೋಡಿ ಬರಲಿ. ಬೇಸಿಗೆಯಾದರೆ ಛತ್ರಿ ಬೇಕು, ಹೆಚ್ಚಿನ ಓಡಾಟವೆಲ್ಲ ಬಯಲಿನಲ್ಲೇ.